ಎಡರೆಕ್ಕೆಯ ತುದಿ ನಮ್ಮನೇದು

ನಮ್ಮೂರಿನ ಮಂಜು ಅಂಗೈ ಬಿಟ್ಟರೆ ಇನ್ಯಾವುದಕ್ಕೂ ಜಗ್ಗೋದಿಲ್ಲ. ಕುದಿಯೋ ನೀರು ಹುಯ್ದು ನೋಡಿದಾರೆ, ಮೇಲೊಂದು ಪದರ ಹೆಚ್ಚಿಗೆ ಕಟ್ಟಿಕೊಂಡಿತು. ಬಟ್ಟೆ ಹಾಕಿ ತಿಕ್ಕಿದರೆ ಬಟ್ಟೆ ಜಾರುತ್ತೆ. ಕೆಂಡ ಹಿಡಿದರೆ ತಗಡು ಕಾಯುತ್ತೆ, ಮಂಜು ಹಾಗೇ ಕೂತಿರುತ್ತೆ. ಬರೀ ಅಂಗೈ ಊರಿ ಇಪ್ಪತ್ತು ಎಣಿಸಿ, ನೀರಾಗಿ ಇಳಿದುಹೋಗುತ್ತೆ. ಹೀಗಾಗಿ ಚಳಿಗಾಲದಲ್ಲಿ ನಾವು ಬಾಗಿಲ ಚಿಲಕ, ಕೊಡದ ನೀರು, ಕನ್ನಡಕ, ಎಲ್ಲಕ್ಕೂ ಮೊದಲು ಅಂಗೈ ಇಟ್ಟೇ ದಿನ ಶುರುಮಾಡೋದು. ಹೆಣ್ಣು ನೋಡೋಕೆ ಬಂದವರು ಹಾಡು ಹೇಳಿಸೋಲ್ಲ, ಕೈ ಹಿಡಿದು ನೋಡ್ತಾರೆ. ಬೆಚ್ಚಗಿದ್ದರೆ ಮಾತುಕತೆ ಮುಂದಕ್ಕೆ. ವಯಸ್ಸಾದವರ ಅಂಗೈಯಲ್ಲಿ ಗೆರೆಯೇ ಉಳಿದಿರೋಲ್ಲ. ಒಂದು ಸಲ ಹಸ್ತಸಾಮುದ್ರಿಕದವನೊಬ್ಬ ಬಂದಿದ್ದ. ನಾಲ್ಕು ಮನೆ ತಿರುಗಿ, ನನ್ನ ಹೋಟೆಲಲ್ಲಿ ಒಂದು ಕಾಫಿ ಕುಡಿದು, "ಇದೆಂಥಾ ಊರು ತಾಯಿ" ಅಂತ ಗೊಣಗಿಕೊಂಡು ಹೊರಟುಹೋದ.

ಕಾರ್ತಿಕ ಮುಗೀತಿದ್ದ ಹಾಗೆ ಘಾಟಿ ದಾರಿ ಮುಚ್ಚುತ್ತೆ. ಆಮೇಲೆ ಶಿವರಾತ್ರಿ ತನಕ ಕೆಳಗಿನ ಪೇಟೆಗೂ ನಮಗೂ ಇದ್ದ ನಂಟು ಅಂದ್ರೆ ದೊರೆಸ್ವಾಮಿಯ ವಿಮಾನ ಒಂದೇ. ವಿಮಾನ ಅಂದಕೂಡ್ಲೆ ದೊಡ್ಡದೇನೋ ಅಂದ್ಕೋಬೇಡಿ. ಮೂತಿಗೆ ಒಂದು ಪಂಖ, ಒಳಗೆ ಓಡಿಸೋನ ಜೊತೆ ಮೂರು ಜನ ಮೊಣಕಾಲು ಮಡಚಿ ಕೂರೋಷ್ಟು ಜಾಗ. ಟಪಾಲು ಚೀಲ, ಕ್ಯಾರೆಟ್ ಬುಟ್ಟಿ, ಬಸುರಿ ಬಾಣಂತಿಯರು, ಎಲ್ಲಾ ಅದರಲ್ಲೇ. ರಾತ್ರಿ ಅದರ ಎಂಜಿನ್ನಿಗೆ ಕೌದಿ ಹೊದಿಸ್ತಿದ್ದರು. ದೊರೆಸ್ವಾಮಿ ಮಾತು ಕಮ್ಮಿ, ಆದರೆ ಚಳಿಯ ವಿಷಯ ಬಂದರೆ ಮಾತ್ರ ಬಾಯಿ ಬಿಡೋನು. "ಮೋಡದೊಳಗೆ ನುಗ್ಗಿದ್ರೆ ಮೈಯೆಲ್ಲಾ ಗಡ್ಡೆ ಕಟ್ಟುತ್ತೆ, ಎಂಜಿನ್ನಿನ ಗಂಟಲು ಕಟ್ಟುತ್ತೆ. ಅದನ್ನೆಲ್ಲ ನಾನು ನೋಡ್ಕೋತೀನಿ. ಆದ್ರೆ ನೆಲ ಬಿಡೋವಾಗ ರೆಕ್ಕೆ ಮೇಲೆ ಸಕ್ಕರೆ ಉದುರಿಸಿದಷ್ಟು ಮಂಜಿದ್ರೂ ನನ್ನ ಕೈಲಿ ಏನೂ ಇಲ್ಲ. ರೆಕ್ಕೆ ಗಾಳೀನ ಹಿಡಿಯೋಲ್ಲ" ಅಂತ ಎಷ್ಟು ಸಲ ಹೇಳಿದಾನೋ.

ಅದಕ್ಕೇ ಊರಲ್ಲಿ ವಿಮಾನಕ್ಕೆ ಭಾಗ ಹಾಕಿದ್ದು. ಇಪ್ಪತ್ತೆರಡು ಮನೆ, ಇಪ್ಪತ್ತೆರಡು ಭಾಗ. ಬಾಲ ಮೇಷ್ಟ್ರ ಮನೇದು, ಬಲರೆಕ್ಕೆಯ ಬುಡ ಊರ ಯಜಮಾನರು ಮುದ್ದೇಗೌಡರದ್ದು, ಹೀಗೆ. ಎಡರೆಕ್ಕೆಯ ತುದಿ ನಮ್ಮನೇದು, ಅದಕ್ಕೆ ತಗಲಿಕೊಂಡ ಹಾಗೆ ಒಳಗಡೆ ರೇವಣ್ಣಂದು. ದಿನಾ ಬೆಳಗ್ಗೆ ಮನೆಗೊಬ್ಬರು ಬಂದು ಏಣಿ ಹತ್ತಿ ತಮ್ಮ ಭಾಗಕ್ಕೆ ಅಂಗೈ ಊರಿ ಮಂಜು ಕರಗಿಸಬೇಕು. ಮುಗಿದ ಮೇಲೆ "ನಮ್ಮನೇದು ಆಯ್ತು" ಅಂತ ಕೂಗಬೇಕು. ಇಪ್ಪತ್ತೆರಡು ಕೂಗು ಕೇಳಿದ ಮೇಲೆ ದೊರೆಸ್ವಾಮಿ ಎಂಜಿನ್ ಶುರುಮಾಡ್ತಿದ್ದ. ಕೂಗಿದ ಮೇಲೆ ಆ ಜಾಗಾನ ಇನ್ನೊಬ್ಬರು ಮುಟ್ಟಿ ನೋಡೋ ಹಾಗಿಲ್ಲ. ಮುಟ್ಟಿದರೆ ಆ ಮನೆಯವರ ಮುಖಕ್ಕೆ ಉಗಿದ ಹಾಗೆ. ನಾನು ಹುಟ್ಟಿದಾಗಿಂದ ಯಾರೂ ಯಾರದ್ದನ್ನೂ ಮುಟ್ಟಿ ನೋಡಿದ್ದನ್ನ ಕಂಡಿರಲಿಲ್ಲ, ಕೇಳಿರಲಿಲ್ಲ.

ನಾನು ಪುಟ್ಟತಾಯಮ್ಮ. ವಿಮಾನ ಇಳಿಯೋ ಬಯಲಿನ ಪಕ್ಕದಲ್ಲೇ ನನ್ನ ಹೋಟೆಲು. ಈಗ ಹೇಳೋ ಕತೆಯ ವರ್ಷಕ್ಕೆ, ಗಂಡ ಹೋದ ಮೇಲೆ ಇಪ್ಪತ್ತೊಂಬತ್ತು ಚಳಿಗಾಲ ನಮ್ಮನೆ ಭಾಗಕ್ಕೆ ನಾನೇ ಕೈ ಇಟ್ಟಿದ್ದೆ, ಒಂದು ದಿನ ತಪ್ಪಿಸಿರಲಿಲ್ಲ. ಬಾಯಿ ಜೋರು, ಅದನ್ನ ನಾನೇ ಹೇಳಿಬಿಡ್ತೀನಿ. ಬಯಲಿಗೆ ತಡವಾಗಿ ಬಂದೋರಿಗೆ ನನ್ನಿಂದ ಮಂಗಳಾರತಿ ಗ್ಯಾರಂಟಿ. ಅದರಲ್ಲೂ ರೇವಣ್ಣ ಸಿಕ್ಕಿದರೆ ಬಿಡ್ತಿರಲಿಲ್ಲ. ಅವನು ಹಾಸಿಗೆ ಹೊಲಿಯೋನು. ಹೆಂಡತಿ ತೀರಿಕೊಂಡ ಮೇಲೆ ಸಾಯಂಕಾಲ ಆದರೆ ಕುಡಿಯೋನು. ಬೆಳಗ್ಗೆ ಕಣ್ಣು ಕೆಂಪಗೆ ಮಾಡ್ಕೊಂಡು ಕಡೆಗೆ ಬರೋನು, ಕೈ ಇಟ್ಟಕೂಡ್ಲೆ "ಅಯ್ಯಯ್ಯಪ್ಪಾ" ಅನ್ನೋನು. "ಏನೋ ರೇವಣ್ಣ, ಹೆರಿಗೆ ನೋವೇನೋ? ನಿನ್ನ ಮಗಳು ಕೂಡ ಇಷ್ಟು ಕೂಗಲಿಕ್ಕಿಲ್ಲ" ಅಂತ ನಾನಂದ್ರೆ ಬಯಲೆಲ್ಲಾ ನಗೋದು. ಅವನೂ ನಗೋನು ಪಾಪ. ಅವನ ಮಗಳು ಇಂದ್ರಾಣಿಯನ್ನ ಕೆಳಗಿನ ಪೇಟೆಗೆ ಕೊಟ್ಟಿತ್ತು, ಆ ವರ್ಷ ಚೊಚ್ಚಲ ಬಸುರಿ. ಅತ್ತೆ ಇಲ್ಲ, ತಾಯಿ ಇಲ್ಲ, ಗಂಡನಿಗೆ ಊರೂರು ಸುತ್ತೋ ಕೆಲಸ. ಮಾಗಿ ಹುಣ್ಣಿಮೆ ಹೊತ್ತಿಗೆ ಅಪ್ಪ ಬಂದು ಜೊತೇಲಿರ್ತಾನೆ ಅಂತ ಮಾತಾಗಿತ್ತು. ರೇವಣ್ಣ ಮಗೂಗೆ ಅಂತ ಅಂಗೈಯಗಲದ ದಿಂಬೊಂದು ಹೊಲಿದು, ಹೋಟೆಲಿಗೆ ತಂದು ಎಲ್ಲರಿಗೂ ತೋರಿಸಿದ್ದ.

ಆ ವರ್ಷ ನನ್ನ ಕೈ ಒಡೆದಿತ್ತು. ಬರೀ ಒಡಕಲ್ಲ, ಬೆರಳ ಸಂದಿಯಿಂದ ಅಂಗೈ ನಡುವಿನವರೆಗೂ ಸೀಳು, ಒಳಗೆ ಕೆಂಪು ಕಾಣೋದು. ಉಪ್ಪಿಟ್ಟಿಗೆ ಉಪ್ಪು ಹಾಕೋಕೂ ಸೌಟೇ ಬೇಕಾಗಿತ್ತು. ರಾತ್ರಿ ಬೆಣ್ಣೆ ಸವರಿ ಬಟ್ಟೆ ಸುತ್ತಿಕೊಂಡು ಮಲಗ್ತಿದ್ದೆ. ಯಾರಿಗಾದ್ರೂ ಒಂದು ಮಾತು ಹೇಳಿದ್ದರೆ ಆಗೋದು. ಪಕ್ಕದ ಮನೆಯೋರು ಕೈ ಕೊಡೋ ವಾಡಿಕೆ ಉಂಟು, ಬಾಣಂತಿಯರಿಗೆ, ಜ್ವರದೋರಿಗೆ ಕೊಡ್ತಾರೆ. ಆದರೆ ನನ್ನ ಪಕ್ಕದ ಭಾಗ ರೇವಣ್ಣಂದು. ಅಷ್ಟು ವರ್ಷ ಅವನ ಅಯ್ಯಯ್ಯಪ್ಪಾನ ಅಣಕಿಸಿದ ಬಾಯಲ್ಲಿ, "ರೇವಣ್ಣ, ನನ್ನ ಕೈ ನೋಯ್ತಿದೆ ಕಣೋ, ಒಂದಿಷ್ಟು ನೋಡ್ಕೋ" ಅನ್ನೋಕೆ ನನ್ನ ನಾಲಿಗೆ ಏಳಲಿಲ್ಲ. ಜಂಬ. ಅದಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ಒಂದು ದಿನ ಸಾಯಂಕಾಲ ಸೋನೆ ಬಿದ್ದಿತ್ತು. ಮಾರನೇ ಬೆಳಗ್ಗೆ ಏಣಿ ಹತ್ತಿ ನೋಡ್ತೀನಿ, ನನ್ನ ಭಾಗದಲ್ಲಿ ಬಿಳೀದು ಏನೂ ಇಲ್ಲ. ತೊಳೆದಿಟ್ಟ ತಟ್ಟೆ ಥರ ಥಳಥಳ ಅಂತಿತ್ತು, ಕೆಳಗಿನ ಬಣ್ಣ ಅಷ್ಟೂ ಕಾಣ್ತಿತ್ತು. ಅಂಥ ಮಂಜೂ ಉಂಟು, ಗಾಜಿನ ಹಾಗೆ ಇರುತ್ತೆ, ಕಣ್ಣಿಗೆ ಬೀಳೋಲ್ಲ, ಅದೇ ಎಲ್ಲಕ್ಕಿಂತ ಕೆಟ್ಟದ್ದು, ಮುಟ್ಟಿದರೇ ಗೊತ್ತಾಗೋದು. ಇದು ನನಗೆ ಗೊತ್ತಿರಲಿಲ್ಲ ಅಂತ ಹೇಳಿದ್ರೆ ನನ್ನ ಬಾಯಲ್ಲಿ ಹುಳ ಬೀಳುತ್ತೆ. ಇಪ್ಪತ್ತೊಂಬತ್ತು ವರ್ಷ ಮುಟ್ಟಿದೋಳಿಗೆ ಗೊತ್ತಿಲ್ಲದೇ ಏನು? ಆದರೂ ಏನೂ ಇಲ್ಲವಲ್ಲ ಅಂದುಕೊಂಡೆ. ಏನೂ ಇಲ್ಲದಿರಲಿ ಅಂತ ಆಸೆ. ಎರಡೂ ಕೈ ಚಾಚಿದೆ. ರೆಕ್ಕೆಗೂ ಅಂಗೈಗೂ ನಡುವೆ ಒಂದು ಹೆಬ್ಬೆರಳಷ್ಟು ಜಾಗ ಬಿಟ್ಟು ಹಾಗೇ ಹಿಡಕೊಂಡೆ. ಇಪ್ಪತ್ತು ಎಣಿಸಿದೆ, ಅದೂ ಬಾಯಿಬಿಟ್ಟು, ಪಕ್ಕದೋರಿಗೆ ಕೇಳೋ ಹಾಗೆ. ಆಮೇಲೆ ಜಾಗ ಬದಲಿಸಿ ಮತ್ತೆ ಹಾಗೇ ಮಾಡಿದೆ. ಕೆಳಗೆ ದೊರೆಸ್ವಾಮಿ ಚಕ್ರಕ್ಕೆ ಗಾಳಿ ನೋಡ್ತಾ ಕೂತಿದ್ದ.

"ನಮ್ಮನೇದು ಆಯ್ತು!" ಅಂದೆ. ಅವತ್ತು ಎಲ್ಲರಿಗಿಂತ ಮೊದಲು ಕೂಗಿದೋಳು ನಾನೇ. ಅಷ್ಟಕ್ಕೆ ಸುಮ್ಮನಿದ್ದೆನಾ? ಇಲ್ಲ. ರೇವಣ್ಣ ಆಗ ತಾನೆ ಏಣಿ ಹತ್ತಿ, ಕೈ ಇಟ್ಟು, "ಅಯ್ಯಯ್ಯಪ್ಪಾ" ಅಂತಿದ್ದ. "ಕೈ ಗಟ್ಟಿಯಾಗಿ ಊರೋ ಸೋಮಾರಿ, ಒಂದು ಜೀವ ಹೋಗುತ್ತೆ ಇದರಲ್ಲಿ" ಅಂತ ಅವನಿಗೆ ಬುದ್ಧಿ ಹೇಳಿ ಇಳಿದೆ.

ವಿಮಾನ ಓಡಿತು, ನೆಲ ಬಿಟ್ಟಿತು. ಅವತ್ತು ಬರೀ ಟಪಾಲು, ಕ್ಯಾರೆಟ್, ಪುಣ್ಯಕ್ಕೆ ಜನ ಇರಲಿಲ್ಲ. ತೆಂಗಿನಮರದಷ್ಟು ಎತ್ತರ ಏರಿರಬೇಕು, ಎಡರೆಕ್ಕೆ ಬಾಗಿತು. ತಿರುಗಿಸ್ತಿದಾನೇನೋ ಅಂದ್ಕೊಂಡೆವು. ಅಲ್ಲಿ ತಿರುಗಿಸೋ ಜಾಗವೇ ಅಲ್ಲ. ಇನ್ನೂ ಬಾಗಿತು, ಆಮೇಲೆ ಎಡತುದಿ ಮೊದಲಾಗಿ ಕೆರೆ ಏರಿ ಮೇಲೆ ಬಂದು ಬಿತ್ತು. ಓಡಿದೆವು. ಕ್ಯಾರೆಟ್ಟು ಏರಿ ತುಂಬಾ ಚೆಲ್ಲಾಡಿತ್ತು. ದೊರೆಸ್ವಾಮಿಗೆ ಜ್ಞಾನ ಇತ್ತು. ಎಡಗಾಲು ಮಾತ್ರ ಇರಬಾರದ ಕಡೆಗೆ ತಿರುಗಿಕೊಂಡಿತ್ತು. ಹೊರಗೆ ಎಳೆಯೋವಾಗ ಅವನು ನನ್ನ ಮುಖ ನೋಡಿದ. ನೋವಿಗೆ ನೋಡ್ತಿದಾನೆ ಅಂದುಕೊಂಡೆ.

ಮಧ್ಯಾಹ್ನ ಬಯಲಲ್ಲೇ ಎಲ್ಲರೂ ಸೇರಿದೆವು. ಎಡರೆಕ್ಕೆಯ ಹೊರಭಾಗ ಮುದ್ದೆಯಾಗಿತ್ತು, ತಗಡಿನ ಜೊತೆಗೆ ಗಾಜಿನಂಥ ಚೂರುಗಳು ಬಿದ್ದಿದ್ದವು. ಮುದ್ದೇಗೌಡರು ಒಂದು ಚೂರು ಎತ್ತಿ ಅಂಗೈಯಲ್ಲಿಟ್ಟುಕೊಂಡರು, ಅದು ಕರಗಿ ತೊಟ್ಟಿಕ್ಕಿತು. ಮಂಜು ಉಳಿದಿತ್ತು ಅನ್ನೋದು ಖಾತ್ರಿ ಆಯ್ತು. ಹೊರಭಾಗ ಅಂದ್ರೆ ಎರಡೇ ಮನೆ, ನಂದು ಇಲ್ಲಾ ರೇವಣ್ಣಂದು. ಕೇಳಿದ್ರೆ ಹೇಳಿಬಿಡ್ತೀನಿ ಅಂತ ನಿಂತಿದ್ದೆ, ದೇವರಾಣೆಗೂ ಹೇಳ್ತಿದ್ದೆ ಅಂತಲೇ ಈಗಲೂ ಅಂದ್ಕೋತೀನಿ. ಆದರೆ ಯಾರೂ ನನ್ನ ಕೇಳಲೇ ಇಲ್ಲ. ಗೌಡರು ನನ್ನನ್ನ ದಾಟಿ ಹೋಗಿ ನೆಟ್ಟಗೆ ರೇವಣ್ಣನ ಮುಂದೆ ನಿಂತರು.

"ರಾತ್ರಿ ಕುಡಿದಿದ್ದೇನಯ್ಯ?"

"ಕುಡಿದಿದ್ದೆ ಗೌಡ್ರೇ."

"ಬೆಳಗ್ಗೆ ಪೂರ್ತಿ ಕೈ ಊರಿದ್ದು ನೆನಪಿದೆಯಾ?"

ರೇವಣ್ಣ ತನ್ನ ಕೈಗಳನ್ನೇ ನೋಡ್ಕೊಂಡ. "ಊರಿದ ಹಾಗೆ ನೆನಪು. ಒಂದು ಕಡೆ ಬಿಟ್ಟೆನೋ ಏನೋ... ತಾಯಮ್ಮೋರು ಕೂಡ ಗಟ್ಟಿಯಾಗಿ ಊರು ಅಂದ್ರು. ಅವರಿಗೆ ಕಂಡಿರಬೇಕು. ನಂದೇ ಇರಬೇಕು ಗೌಡ್ರೇ, ಇನ್ಯಾರದ್ದು ಇರುತ್ತೆ" ಅಂದ. ಅಂದವನೇ ದೊರೆಸ್ವಾಮಿ ಮಲಗಿದ್ದ ಮನೆ ಕಡೆ ತಿರುಗಿ ಕೈಮುಗಿದು, ಅಲ್ಲೇ ಕುಕ್ಕರಿಸಿ ಅತ್ತ.

ನಾನು ಬಾಯಿ ಬಿಡಲಿಲ್ಲ. ಊರಿಗೆಲ್ಲಾ ಬುದ್ಧಿ ಹೇಳೋ ಬಾಯಿ ಅದು, ಹೊಲಿದು ಹಾಕಿದ ಹಾಗಾಯ್ತು. ಸೆರಗು ಎಳಕೊಂಡು ಒಡೆದ ಕೈ ಮುಚ್ಕೊಂಡೆ.

ರೇವಣ್ಣನ ಭಾಗ ಕಳೆದರು. ಭಾಗ ಕಳೆದ ಮನೆಯೋರು ಆ ಚಳಿಗಾಲ ವಿಮಾನ ಹತ್ತೋ ಹಾಗಿಲ್ಲ, ಬಯಲಿಗೆ ಕಟ್ಟಿದ ಹಗ್ಗದಿಂದ ಈಚೆ ಬರೋ ಹಾಗೂ ಇಲ್ಲ. ಊರವರ ಕೈಮೇಲೆ ಕೂತು ಹಾರೋದಲ್ವಾ, ತನ್ನ ಕೈ ಇಲ್ಲದೋನು ಹೇಗೆ ಹತ್ತೋದು ಅನ್ನೋ ಲೆಕ್ಕ. ವಾರ ಕಳೆದು ಕೆಳಗಿಂದ ಇನ್ನೊಂದು ವಿಮಾನ, ಇನ್ನೊಬ್ಬ ಚಾಲಕ ಬಂದರು. ರೇವಣ್ಣನ ಭಾಗವನ್ನ ಮೇಷ್ಟ್ರ ಮನೆಗೆ ಕೊಟ್ಟರು. ಎಡರೆಕ್ಕೆಯ ತುದಿ ನನ್ನ ಹೆಸರಲ್ಲೇ ಉಳೀತು. ನಾನು ದಿನಾ ಹೋಗಿ ಸೀಳುಬಿಟ್ಟ ಕೈ ಊರಿ ಊರಿ ರಕ್ತ ಬರಿಸಿಕೊಂಡೆ. ಒಂದಲ್ಲ, ಮೂರು ಸಲ ಊರ್ತಿದ್ದೆ. "ನೋಡ್ರಪ್ಪಾ, ಕೈ ಹಂಗಾಗಿದ್ರೂ ತಾಯಮ್ಮ ಬಿಡೋಲ್ಲ" ಅಂತ ಜನ ಮೆಚ್ಚಿಕೊಂಡರು. ಆ ಹೊಗಳಿಕೆ ಕೇಳ್ಕೊಂಡು ಏಣಿ ಇಳಿದು, ಯಾರ ಮುಖವನ್ನೂ ನೋಡದೆ ಹೋಟೆಲಿಗೆ ಬಂದುಬಿಡ್ತಿದ್ದೆ.

ರೇವಣ್ಣ ಕುಡಿಯೋದು ಬಿಟ್ಟ. ಹಗ್ಗದ ಆಚೆ ನಿಂತು ವಿಮಾನ ಹೋಗೋದು ಬರೋದು ನೋಡೋನು. ನಾನು ಅವನ ಮನೆಗೆ ಇಡ್ಲಿ ಕಳಿಸ್ದೆ, ಮುದ್ದೆ ಸಾರು ಕಳಿಸ್ದೆ. ಪಾತ್ರೆ ವಾಪಸ್ಸು ಕೊಡೋಕೆ ತಾನೇ ಬಂದು ಹಿತ್ತಿಲ ಬಾಗಿಲಲ್ಲಿ ನಿಂತು, "ಊರೆಲ್ಲಾ ಮುಖ ತಿರುಗಿಸ್ತಾರೆ, ನೀವೊಬ್ರು ಮಾತಾಡಿಸ್ತೀರಿ. ನಿಮ್ಮನ್ನೇ ಕಟುಕಿ ಅಂತಿದ್ನಲ್ಲ ತಾಯಮ್ಮೋರೆ" ಅಂದ. ನಾನು ಪಾತ್ರೆ ಇಸ್ಕೊಂಡು ಒಳಗೆ ಹೋಗಿಬಿಟ್ಟೆ. ಇನ್ನೊಂದು ದಿನ ಬಂದು ನಿಂತ. ಮಾಗಿ ಹುಣ್ಣಿಮೆಗೆ ಇನ್ನು ಎಂಟೇ ದಿನ ಇತ್ತು.

"ಗೌಡ್ರು ನಿಮ್ಮ ಮಾತು ತೆಗೆದುಹಾಕೋಲ್ಲ. ಒಂದೇ ಒಂದು ಸಲ ಹೋಗೋಕೆ ಬಿಡಿ ಅಂತ ಹೇಳ್ತೀರಾ? ವಾಪಸ್ಸು ಬರದಿದ್ರೂ ಚಿಂತೆಯಿಲ್ಲ, ಘಾಟಿ ತೆಗೆದ ಮೇಲೆ ನಡಕೊಂಡು ಬರ್ತೀನಿ. ಮಗಳು ಒಬ್ಬಳೇ ಇದಾಳೆ."

"ಹೇಳ್ತೀನಿ" ಅಂದೆ.

ಹೇಳಲಿಲ್ಲ. ಗೌಡರು ದಿನಾ ನನ್ನ ಹೋಟೆಲಲ್ಲೇ ಕೂತು ಕಾಫಿ ಕುಡೀತಿದ್ರು. ಲೋಟ ಇಟ್ಟು ಎದುರಿಗೆ ನಿಲ್ಲೋಳು ನಾನೇ. ಅವನಿಗೆ ಹೋಗೋಕೆ ಬಿಡಿ ಅಂತ ಬಾಯಿ ತೆರೆದ್ರೆ ಯಾಕೆ ಅಂತ ಕೇಳ್ತಾರೆ, ಯಾಕೆ ಅಂದ್ರೆ ಉಳಿದದ್ದೂ ಹೊರಗೆ ಬಂದುಬಿಡುತ್ತೆ ಅನ್ನೋ ಭಯ. "ಕೇಳ್ದೆ ಕಣೋ, ನೋಡೋಣ ಅಂದ್ರು" ಅಂತ ರೇವಣ್ಣನಿಗೆ ಸುಳ್ಳು ಹೇಳಿದೆ. ಅದನ್ನೂ ನಂಬಿದ. ಹುಣ್ಣಿಮೆ ಬಂತು, ಹೋಯ್ತು.

ಹುಣ್ಣಿಮೆಯಾದ ಮೂರನೇ ದಿನ ಹೊಸ ಚಾಲಕ ಸುದ್ದಿ ತಂದ. ಇಂದ್ರಾಣಿಗೆ ಹೆಣ್ಣುಮಗು. ಹೆರಿಗೆ ಕಷ್ಟ ಆಯ್ತಂತೆ, ಎರಡು ದಿನ ನೋವು ತಿಂದಳಂತೆ, ಈಗ ಹುಷಾರಾಗಿದಾಳೆ. ಅವನಿಗೇನು ಗೊತ್ತು, ಕಾಫಿ ಕುಡೀತಾ ಎಲ್ಲರೆದುರಿಗೂ ಹೇಳಿಬಿಟ್ಟ: "ಪಾಪ, ನೋವಿನಲ್ಲೂ ವಿಮಾನದ ಸದ್ದು ಕೇಳಿದಾಗೆಲ್ಲ ಯಾರನ್ನಾದ್ರೂ ಇಳಿಯೋ ಕಡೆಗೆ ಓಡಿಸ್ತಿದ್ದಳಂತೆ, ನಮ್ಮಪ್ಪ ಬಂದ್ರಾ ನೋಡಿ ಅಂತ." ಹಗ್ಗದ ಹತ್ತಿರ ನಿಂತಿದ್ದ ರೇವಣ್ಣನಿಗೆ ಯಾರೋ ಹೋಗಿ ಹೇಳಿದ್ರು. ಅವನು ಹೆಣ್ಣುಮಗುವಾ ಅಂತ ಒಂದು ಸಲ ನಕ್ಕು, ಆಮೇಲೆ ಅಂಗೈ ಎರಡನ್ನೂ ಹಗ್ಗದ ಗೂಟಕ್ಕೆ ಚಟ್ ಚಟ್ ಅಂತ ಹೊಡ್ಕೊಂಡ. ಕೈಗೇ ಶಿಕ್ಷೆ ಕೊಡೋ ಹಾಗೆ. ಬಿಡಿಸೋಕೆ ಇಬ್ಬರು ಬೇಕಾಯ್ತು. ನಾನು ಕೈಯಲ್ಲಿದ್ದ ಲೋಟ ಅಲ್ಲೇ ಇಟ್ಟು ಹೊರಗೆ ಬಂದೆ.

ಹಾಗೇ ದೊರೆಸ್ವಾಮಿ ಮನೆಗೆ ಹೋದೆ. ಕಾಲಿಗೆ ಬಿದಿರಿನ ಪಟ್ಟಿ ಕಟ್ಟಿಸ್ಕೊಂಡು ಬಿಸಿಲಲ್ಲಿ ಕೂತಿದ್ದ. ಮೂಳೆ ಕಟ್ಟೋ ಪಂಡಿತರು ನಡೆಸ್ತೀನಿ ಅಂದಿದ್ರು, ಹಾರಿಸ್ತೀನಿ ಅಂದಿರಲಿಲ್ಲ. "ದೊರೆ, ಅವತ್ತು ನನ್ನ ಭಾಗಕ್ಕೆ ನಾನು ಕೈ ಇಡಲಿಲ್ಲ ಕಣಪ್ಪಾ" ಅಂದೆ.

ಅವನು ತಲೆ ಎತ್ತಲಿಲ್ಲ. "ಗೊತ್ತಕ್ಕ" ಅಂದ. "ಕೆಳಗಿಂದ ಕಾಣಿಸ್ತಿತ್ತು. ನಿಮ್ಮ ಅಂಗೈಗೂ ರೆಕ್ಕೆಗೂ ನಡುವೆ ಬೆಳಕು ಕಾಣ್ತಿತ್ತು."

ನನಗೆ ನಿಂತಲ್ಲೇ ಭೂಮಿ ಬಿರಿಯಬಾರದಾ ಅನ್ನಿಸ್ತು. "ಮತ್ತೆ ಹತ್ತಿದ್ಯಲ್ಲೋ! ಮುಟ್ಟಿ ನೋಡಬಾರದಿತ್ತಾ?"

"ಕೂಗಿಬಿಟ್ರಲ್ಲಕ್ಕ. ಪುಟ್ಟತಾಯಮ್ಮ ಕೂಗಿದ ಮೇಲೆ ನಾನು ಏಣಿ ಹತ್ತಿ ಮುಟ್ಟಿದ್ರೆ ಊರು ಏನನ್ನುತ್ತೆ? ನಿಮ್ಮ ಮುಖ ಹೇಗೆ ನೋಡ್ಲಿ? ಮುಟ್ಟದೇ ಇದ್ರೂ ಏನೋ ನಡೆಯುತ್ತೆ ಬಿಡು ಅಂದ್ಕೊಂಡೆ." ಕಾಲಿನ ಪಟ್ಟಿ ಸರಿಮಾಡ್ಕೊಂಡು, "ರೇವಣ್ಣ ಹಾಗೆ ಮಾಡಿದ್ದನ್ನ ಕಂಡಿದ್ರೆ ಎಳೆದು ಕೆಳಗಿಳಿಸ್ತಿದ್ದೆ" ಅಂದ. "ಆಮೇಲೆ ಹೇಳೋಣ ಅಂದ್ರೆ, ಕಂಡೂ ಕಂಡೂ ಹತ್ತಿದೋನು ಅಂತಾಗುತ್ತೆ. ಇಷ್ಟು ವರ್ಷ ಓಡಿಸಿದ ಮರ್ಯಾದೆ ಎಲ್ಲಿ ಉಳೀತು? ನನ್ನದೂ ಬಾಯಿ ಕಟ್ಟಿತು. ಅವನು ನನ್ನ ಕಾಲು ನೀವೋಕೆ ದಿನಾ ಬರ್ತಾನೆ ಅಕ್ಕ. ದಿನಾ ಕ್ಷಮಿಸು ಅಂತಾನೆ. ನಾನು ಆಯ್ತು ಬಿಡಪ್ಪ ಅಂತೀನಿ."

ನಾನು ಅಲ್ಲಿಂದ ಮನೆಗೆ ಬಂದೆ.

ಮಾರನೇ ಬೆಳಗ್ಗೆ ಬಯಲಿಗೆ ಹೋಗಿ, ನನ್ನ ಭಾಗಕ್ಕೆ ಕೈ ಊರಿ, ಚೆನ್ನಾಗಿ ಕರಗಿಸಿ, "ನಮ್ಮನೇದು ಆಯ್ತು" ಅಂತ ಕೂಗಿದೆ. ಎಲ್ಲರ ಕೂಗೂ ಮುಗಿಯಲಿ ಅಂತ ಕಾದು, ಏಣಿ ಮೇಲಿಂದಲೇ ಹೇಳಿಬಿಟ್ಟೆ. ಕೈ ಒಡೆದದ್ದು, ಹೆಬ್ಬೆರಳಷ್ಟು ಜಾಗ ಬಿಟ್ಟದ್ದು, ಗೌಡರು ದಾಟಿ ಹೋದಾಗ ಸುಮ್ಮನಿದ್ದದ್ದು, ರೇವಣ್ಣನಿಗೆ ಹೇಳ್ತೀನಿ ಅಂದು ಹೇಳದೇ ಹೋದದ್ದು, ಒಂದೂ ಬಿಡಲಿಲ್ಲ. "ನನ್ನ ಭಾಗ ಕಳೀರಿ. ಹಗ್ಗದ ಆಚೆ ನಿಲ್ಲಬೇಕಾದೋಳು ನಾನು" ಅಂದೆ. ಜನ ಕಲ್ಲು ಹೊಡೀತಾರೆ ಅಂದುಕೊಂಡಿದ್ದೆ. ಉಗೀತಾರೆ ಅಂದುಕೊಂಡಿದ್ದೆ. ಅದಕ್ಕೇ ತಯಾರಾಗಿ ಬಂದಿದ್ದೆ.

ಮುದ್ದೇಗೌಡರು, "ಕೈ ಅಷ್ಟು ಹಾಳಾಗಿತ್ತು ಅಂತ ಒಂದು ಮಾತು ಹೇಳಬಾರದಿತ್ತಾ ತಾಯಮ್ಮ" ಅಂದರು. ಅವರ ಸೊಸೆ ಬಂದು ನನ್ನ ಕೈ ಹಿಡಿದು ಏಣಿ ಇಳಿಸಿದಳು. ಅಯ್ಯೋ ಎಷ್ಟು ಸೀಳು ಬಿಟ್ಟಿದೆ ನೋಡಿ ಅಂದಳು. ಇನ್ಯಾರೋ ಕೂರೋಕೆ ಮಣೆ ತಂದರು. "ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ದಿನ, ಯಾರಿಗಾದ್ರೂ ಆಗುತ್ತೆ" ಅಂದ್ರು ಮೇಷ್ಟ್ರು. "ಹೇಳ್ಕೊಂಡ್ರಲ್ಲ, ಅದೇ ದೊಡ್ಡದು. ಭಾಗ ಗೀಗ ಕಳೆಯೋ ಮಾತು ಆಡಬೇಡಿ, ನಿಮ್ಮ ಕೈ ಇಲ್ಲದೆ ಈ ರೆಕ್ಕೆ ಉಂಟಾ?" ಅಂದ್ರು ಗೌಡ್ರು. ಒಂದು ಲೋಟ ಬಿಸಿನೀರು ಕುಡಿಯೋ ಹೊತ್ತಿನಲ್ಲಿ ನನ್ನ ತಪ್ಪು ಮುಗಿದುಹೋಯ್ತು. ಹಗ್ಗದ ಆಚೆ ನಿಂತಿದ್ದವನ ಕಡೆಗೆ ಒಬ್ಬರಾದ್ರೂ ತಿರುಗಲಿಲ್ಲ. ಥೂ, ಇಷ್ಟು ಸಲೀಸಾಗಿ ಸಿಕ್ಕ ಕ್ಷಮೆ ಎಲ್ಲಿಡಬೇಕು ಅಂತ ತಿಳೀದೆ, ಮಣೆ ಮೇಲೆ ಕೂತು ಮುಖ ಮುಚ್ಕೊಂಡೆ.

"ಗೌಡ್ರೇ" ಅಂತ ಆಚೆಯಿಂದ ರೇವಣ್ಣನ ದನಿ ಬಂತು. "ಹಾಗಾದ್ರೆ ಇವತ್ತು ನಾನು ಹೋಗಬಹುದಾ?"

ಗೌಡರು ಹೊಸ ಚಾಲಕನ ಮುಖ ನೋಡಿದ್ರು. ಅವನು ಕ್ಯಾರೆಟ್ ಬುಟ್ಟಿ ಪೂರ್ತಿ ತುಂಬಿದೆ, ಭಾರ ಜಾಸ್ತಿಯಾದ್ರೆ ವಿಮಾನ ಏಳೋಲ್ಲ, ಗುರುವಾರ ನೋಡೋಣ ಅಂದ. ನನಗೆಲ್ಲಿತ್ತೋ ಆ ಸಿಟ್ಟು, ಎದ್ದು ಹೋಗಿ ವಿಮಾನದ ಬಾಗಿಲು ತೆಗೆದು ಒಂದೊಂದೇ ಬುಟ್ಟಿ ಎಳೆದು ನೆಲಕ್ಕೆ ಹಾಕಿದೆ. "ಒಬ್ಬ ಆಳಿನ ತೂಕ ಇಳಿಸಿದೀನಿ. ಇನ್ನೂ ಬೇಕಾ?" ಅಂದೆ.

ರೇವಣ್ಣ ಹಗ್ಗ ದಾಟಿ ಬಂದ. ಬಗಲಲ್ಲಿ ಒಂದು ಬಟ್ಟೆ ಗಂಟು, ಅಷ್ಟೆ. ನನ್ನ ಮುಂದೆ ನಿಲ್ತಾನೆ, ಏನಾದ್ರೂ ಅಂತಾನೆ ಅಂದುಕೊಂಡೆ. ನಿಲ್ಲಲಿಲ್ಲ. ನೆಟ್ಟಗೆ ಎಡರೆಕ್ಕೆ ಹತ್ತಿರ ಹೋಗಿ, ಏಣಿ ಎಳಕೊಂಡು, ಹತ್ತಿ, ನನ್ನ ಭಾಗದ ಮೇಲೆ ಎರಡೂ ಅಂಗೈ ಇಟ್ಟ. "ಏಯ್ ರೇವಣ್ಣ!" ಅಂತ ಗೌಡ್ರು ಗದರಿದ್ರು. ಅವನು ಕೇಳಿಸ್ಕೊಳ್ಳಲಿಲ್ಲ. ಬುಡದಿಂದ ತುದಿಯವರೆಗೂ, ಅಂಚಿನಲ್ಲೂ, ಅಡಿಯಲ್ಲೂ, ಒಂದು ಗೇಣು ಬಿಡದೆ ಸವರಿ ಸವರಿ ನೋಡಿದ. ಇಷ್ಟೂ ಜನರ ಎದುರಿಗೆ ನಾನು ತಲೆ ತಗ್ಗಿಸಿ ನಿಂತಿದ್ದೆ. ಎಷ್ಟೋ ದಿನದ ಮೇಲೆ ಎದೆಯ ಭಾರ ಒಂದಿಷ್ಟು ಇಳಿದ ಹಾಗಿತ್ತು. ಅವನು ಸರಿಯಿದೆ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಇಳಿದು, ಒದ್ದೆ ಕೈಯನ್ನ ಪಂಚೆಗೆ ಒರೆಸಿಕೊಂಡು, ಒಳಗೆ ಹೋಗಿ ಕೂತ. ವಿಮಾನ ಸರಾಗವಾಗಿ ಎದ್ದಿತು.

ಅವನು ಮತ್ತೆ ಈ ಊರಿಗೆ ಬರಲಿಲ್ಲ. ಮಗಳ ಮನೆ ಪಕ್ಕದಲ್ಲೇ ಹಾಸಿಗೆ ಅಂಗಡಿ ಇಟ್ಟುಕೊಂಡಿದಾನಂತೆ. ಎಡರೆಕ್ಕೆಯ ತುದಿ ಈಗಲೂ ನಮ್ಮನೇದೇ. ದಿನಾ ಬೆಳಗ್ಗೆ ಕೂಗಿ, ಇಳಿದು, ಏಣಿಯನ್ನ ಅಲ್ಲೇ ಬಿಟ್ಟು ಒಂದು ಗಳಿಗೆ ನಿಲ್ತೀನಿ, ಯಾರಾದ್ರೂ ಹತ್ತಿ ಮುಟ್ಟಿ ನೋಡಲಿ ಅಂತ. ಯಾರೂ ನೋಡೋಲ್ಲ. ತಾಯಮ್ಮ ಕೂಗಿದ್ರು, ಆಯ್ತು ಅಂತಾರೆ.